ಮಳೆ ಬಿಡುವ ಹೊತ್ತಿಗೆ ಮಂಗಳೂರು–ಉಡುಪಿ: ದಸರಾ ರಜೆಗೆ ಹೊರಡುವವರಿಗೆ

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಕರಾವಳಿಗೆ ಬರುವವರಲ್ಲಿ ಹೆಚ್ಚಿನವರು ಬೆಳಗ್ಗೆ ದೇವಸ್ಥಾನ, ಸಂಜೆ ಸಮುದ್ರ ಎಂದು ಲೆಕ್ಕ ಹಾಕಿಕೊಂಡು ಬರುತ್ತಾರೆ. ಡಿಸೆಂಬರಿನಲ್ಲಿ ಆ ಲೆಕ್ಕ ಸರಿ. ಈ ಹೊತ್ತಿನಲ್ಲಿ ಅದನ್ನು ತಲೆಕೆಳಗು ಮಾಡಬೇಕು. ಸಮುದ್ರ, ದ್ವೀಪ, ಬಂಡೆಗುಡ್ಡ ಎಲ್ಲ ಬೆಳಗ್ಗೆ 11ರೊಳಗೆ ಮುಗಿಯಬೇಕು. ಮಧ್ಯಾಹ್ನ 3ರಿಂದ 6ರವರೆಗೆ ತಲೆಯ ಮೇಲೆ ಸೂರು ಇರುವ ಜಾಗದಲ್ಲಿರಬೇಕು. ರಾತ್ರಿಯನ್ನು ದಸರಾಕ್ಕೆ ಬಿಡಬೇಕು.

ನಾವು ಮಂಗಳೂರಿನ ಒಂದೇ ಕಚೇರಿಯ ಆರು ಮಂದಿ. ಈ ಹಂಗಾಮಿನ ರಜೆಯನ್ನು ಒಬ್ಬೊಬ್ಬರು ಒಂದೊಂದು ಕಡೆ ಕಳೆಯುತ್ತೇವೆ: ಒಬ್ಬರು ಮಲ್ಪೆಯ ದ್ವೀಪ, ಒಬ್ಬರು ಕಾರ್ಕಳ–ವರಂಗದ ಬಸದಿಗಳು, ಇನ್ನೊಬ್ಬರು ಕುದ್ರೋಳಿಯ ದಸರಾ, ಹೀಗೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಹೇಳಿಕೊಂಡ ವಿವರಗಳನ್ನು, ಹೊರಗಿನಿಂದ ಬರುವ ಗೆಳೆಯರಿಗೆ ಪ್ರತಿ ವರ್ಷ ಬಾಯಲ್ಲಿ ಹೇಳುವ ಬದಲು, ಒಮ್ಮೆ ಬರೆದಿಟ್ಟಿದ್ದೇವೆ.

ಮೊದಲು ಮಳೆಯ ವಿಷಯ. ನೈಋತ್ಯ ಮುಂಗಾರು ಕರಾವಳಿಯನ್ನು ಬಿಟ್ಟು ಹೋಗುವುದು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದ ಹೊತ್ತಿಗೆ. ಅದಕ್ಕೂ ಕೆಲವು ವಾರ ಮೊದಲೇ ಮಳೆಯ ಸ್ವಭಾವ ಬದಲಾಗಿರುತ್ತದೆ. ಜುಲೈ ಮಳೆ ಸಮುದ್ರದ ಕಡೆಯಿಂದ ಬರುತ್ತದೆ, ಹೊತ್ತುಗೊತ್ತಿಲ್ಲದೆ ಸುರಿಯುತ್ತದೆ. ಈಗಿನ ಮಳೆ ಬರುವುದು ಘಟ್ಟದ ಕಡೆಯಿಂದ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಬಿಸಿಲೇರಿದಂತೆ ಕಡಲ ತೇವದ ಗಾಳಿ ಒಳನಾಡಿಗೆ ನುಗ್ಗಿ, ಘಟ್ಟಕ್ಕೆ ತಾಗಿ ಮೇಲೇರಿ, 2–3 ಗಂಟೆಗೆಲ್ಲ ಮೂಡಣದಲ್ಲಿ ಕರಿಮೋಡ ಕಟ್ಟುತ್ತದೆ. ಸಂಜೆಯಾಗುತ್ತಿದ್ದಂತೆ ಆ ಮೋಡ ಗುಡುಗು ಮಿಂಚಿನೊಂದಿಗೆ ಪಡುವಣಕ್ಕೆ ಇಳಿಯುತ್ತದೆ. ಕಡಲತಡಿಯಲ್ಲಿ ನಿಂತವರು ಸಮುದ್ರವನ್ನೇ ನೋಡುತ್ತಿರುವುದರಿಂದ ಬೆನ್ನ ಹಿಂದಿನ ಈ ಮೋಡ ಅವರಿಗೆ ಕಾಣುವುದಿಲ್ಲ. ಮಧ್ಯಾಹ್ನದ ನಂತರ ಅರ್ಧ ಗಂಟೆಗೊಮ್ಮೆಯಾದರೂ ತಿರುಗಿ ಪೂರ್ವಕ್ಕೆ ನೋಡಿ. ಗುಡುಗು ಕಿವಿಗೆ ಬಿದ್ದರೆ ಮರಳು, ಬಂಡೆ, ಬಯಲುಗದ್ದೆ ಬಿಟ್ಟು ಕಟ್ಟಡದೊಳಗೆ ಅಥವಾ ಮುಚ್ಚಿದ ವಾಹನದೊಳಗೆ ಹೋಗಿ. ಒಂಟಿ ತೆಂಗಿನಮರದಡಿ ನಿಲ್ಲುವುದು ಬೇಡವೇ ಬೇಡ.

ಇನ್ನು ದಿನ ಆಯ್ಕೆ. ನವರಾತ್ರಿ ಪ್ರತಿ ವರ್ಷ ಜಾಗ ಬದಲಿಸುತ್ತದೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಂದು ಗಾಂಧಿ ಜಯಂತಿಯ ಜೊತೆ ಸೇರಿತ್ತು. ನವರಾತ್ರಿಗೆ ಮೊದಲೇ ಅಧಿಕ ಮಾಸ ಬಿದ್ದ ವರ್ಷಗಳಲ್ಲಿ ಅದು ಅಕ್ಟೋಬರ್ 20ರ ಆಸುಪಾಸಿಗೆ ಅಥವಾ ಆಚೆಗೆ ಹೋಗುತ್ತದೆ. 2023ರಲ್ಲಿ 24ಕ್ಕೆ ಬಂದಿತ್ತು. ಕ್ಯಾಲೆಂಡರಿನಲ್ಲಿ ಇದು ಮೂರು ವಾರದ ವ್ಯತ್ಯಾಸ ಅಷ್ಟೇ. ಸಮುದ್ರದ ಮಟ್ಟಿಗೆ ಅದು ಬೇರೆಯೇ ಕಾಲ. ದಸರಾ ಬೇಗ ಬಂದ ವರ್ಷ ದ್ವೀಪದ ಆಸೆಯನ್ನು ಅರ್ಧ ಇಟ್ಟುಕೊಂಡು, ಬಸದಿ ಮತ್ತು ಪೇಟೆಗೆ ಹೆಚ್ಚು ಹೊತ್ತು ಕೊಡಿ. ತಡವಾಗಿ ಬಂದ ವರ್ಷ ಕಡಲು ಬಹುಮಟ್ಟಿಗೆ ಇಳಿದಿರುತ್ತದೆ.

ಜನಸಂದಣಿ ಬೇಡ, ಊರು ನೋಡಿದರೆ ಸಾಕು ಎನ್ನುವವರು ನವರಾತ್ರಿಗೆ ಮೊದಲಿನ ಪಿತೃಪಕ್ಷದ ಹದಿನೈದು ದಿನ ನೋಡಿ. ಮದುವೆ, ಗೃಹಪ್ರವೇಶ ಯಾವುದೂ ಇಲ್ಲದ್ದರಿಂದ ರೂಮು, ವಾಹನ ಎರಡೂ ಸುಲಭವಾಗಿ ಸಿಗುತ್ತವೆ. ಮಹಾಲಯ ಅಮಾವಾಸ್ಯೆ ಕಳೆದ ಮರುದಿನದಿಂದಲೇ ಚಿತ್ರ ಬದಲಾಗುತ್ತದೆ. ಮಂಗಳೂರಿನಲ್ಲಿ ನವರಾತ್ರಿಯ ಕೊನೆಯ ನಾಲ್ಕು ದಿನಕ್ಕೆ ರೂಮು ಬೇಕಿದ್ದರೆ ಒಂದು ತಿಂಗಳು ಮುಂಚೆಯೇ ಗೊತ್ತು ಮಾಡಿಕೊಳ್ಳಿ.

ಬರುವುದು, ಓಡಾಡುವುದು

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ರೈಲಿನಲ್ಲಿ ಬರುವುದಾದರೆ ಟಿಕೆಟ್ ಮಾಡುವ ಮೊದಲು ನಿಲ್ದಾಣದ ಹೆಸರು ಸರಿಯಾಗಿ ನೋಡಿ. ಮಂಗಳೂರು ಸೆಂಟ್ರಲ್ ಪೇಟೆಯ ನಡುವೆ, ಹಂಪನಕಟ್ಟೆಗೆ ನಡೆದುಹೋಗುವ ದೂರದಲ್ಲಿದೆ. ಮಂಗಳೂರು ಜಂಕ್ಷನ್ ಪಡೀಲ್ ಕಡೆ ಇದೆ, ಅಲ್ಲಿಂದ ಪೇಟೆಗೆ ರಿಕ್ಷಾ ಹಿಡಿಯಲೇಬೇಕು. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಈ ಎರಡೂ ನಿಲ್ದಾಣಕ್ಕೆ ಬರುವುದಿಲ್ಲ, ಪಡೀಲಿನ ಬೈಪಾಸ್ ಹಳಿಯಲ್ಲಿ ತಿರುಗಿ ಸುರತ್ಕಲ್, ಉಡುಪಿ ಕಡೆ ಹೋಗುತ್ತದೆ. ಉಡುಪಿಗೇ ಹೋಗುವವರಿಗೆ ಅದು ಅನುಕೂಲ, ಮಂಗಳೂರಿಗೆಂದು ಹತ್ತಿದವರಿಗೆ ಪರದಾಟ. ಉಡುಪಿ ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಕೃಷ್ಣಮಠದಿಂದ ಸುಮಾರು 4 ಕಿ.ಮೀ. ದೂರ.

ಹಗಲಿನ ರೈಲು ಓಡುವ ದಿನ ಹೊಂದಿಕೆಯಾದರೆ ಅದನ್ನೇ ಆರಿಸಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ಹಳಿಯಲ್ಲಿ 57 ಸುರಂಗಗಳಿವೆ, ಮತ್ತು ವರ್ಷದಲ್ಲಿ ತೊರೆಗಳು ತುಂಬಿದ್ದೂ ಮಂಜು ತೆರೆದದ್ದೂ ಒಟ್ಟಿಗೆ ಸಿಗುವುದು ಈ ಕೆಲವು ವಾರ ಮಾತ್ರ. ರಾತ್ರಿ ರೈಲಿನಲ್ಲಿ ಇದೆಲ್ಲ ಕತ್ತಲಲ್ಲಿ ಕಳೆದುಹೋಗುತ್ತದೆ.

ಮಂಗಳೂರು–ಉಡುಪಿ ನಡುವೆ ಸುಮಾರು 58 ಕಿ.ಮೀ. ಹೆದ್ದಾರಿ 66. ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ಹೊರಡುತ್ತವೆ. ಬೋರ್ಡಿನಲ್ಲಿ ಊರಿನ ಹೆಸರಿನ ಜೊತೆ ‘ಎಕ್ಸ್‌ಪ್ರೆಸ್’ ಇದೆಯೋ ನೋಡಿ ಹತ್ತಿ. ಎಕ್ಸ್‌ಪ್ರೆಸ್ ಆದರೆ ಒಂದೂವರೆ ಗಂಟೆ. ಸರ್ವಿಸ್ ಬಸ್ಸು ಎಲ್ಲ ಸ್ಟಾಪಿನಲ್ಲೂ ನಿಲ್ಲಿಸಿ ಎರಡು ಗಂಟೆ ದಾಟಿಸುತ್ತದೆ. ಖಾಸಗಿ ಬಸ್ಸು ಹೊರಡುವುದು ಹಂಪನಕಟ್ಟೆ ಹತ್ತಿರದ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ. ಕೆಎಸ್‌ಆರ್‌ಟಿಸಿ ನಿಲ್ದಾಣ ಬಿಜೈಯಲ್ಲಿದೆ. ಬೆಂಗಳೂರು ಬಸ್ಸಿನಿಂದ ಬಿಜೈಯಲ್ಲಿ ಇಳಿದವರು ಸ್ಟೇಟ್ ಬ್ಯಾಂಕಿಗೆ ಹಿಂದೆ ಹೋಗಬೇಕಿಲ್ಲ, ಹತ್ತಿರದ ಲಾಲ್‌ಬಾಗ್‌ನಲ್ಲೇ ಉಡುಪಿ ಬಸ್ಸು ಸಿಗುತ್ತದೆ. ಎಂಟು–ಹತ್ತು ಜನರಿಗೆ ಒಟ್ಟಿಗೆ ಸೀಟು ಬೇಕೆಂದರೆ ಮಾತ್ರ ಮೂಲ ನಿಲ್ದಾಣಕ್ಕೇ ಹೋಗಿ. ಇನ್ನೊಂದು ಮಾತು. ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಸರಕಾರಿ ಬಸ್ಸಿಗೆ ಮಾತ್ರ. ಎರಡೂ ಜಿಲ್ಲೆಯಲ್ಲಿ ಒಳದಾರಿಗಳನ್ನು ಬಹುತೇಕ ಖಾಸಗಿ ಬಸ್ಸುಗಳೇ ನಡೆಸುವುದರಿಂದ ಖರ್ಚಿನ ಲೆಕ್ಕದಲ್ಲಿ ಎಲ್ಲರಿಗೂ ಟಿಕೆಟ್ ಹಿಡಿಯಿರಿ, ಚಿಲ್ಲರೆ ಇಟ್ಟುಕೊಳ್ಳಿ.

ನಾಲ್ಕು ಜನರಿದ್ದರೆ ಬಸ್ಸು, ರಿಕ್ಷಾ ಸಾಕು. ಎಂಟರ ಮೇಲಿದ್ದರೆ, ಅದರಲ್ಲೂ ಕಾರ್ಕಳ–ವರಂಗ ಸುತ್ತು ಇದ್ದರೆ, ಟೆಂಪೋ ಟ್ರಾವೆಲರ್ ಮಾಡಿಕೊಳ್ಳುವುದೇ ಲೇಸು. ವಾಹನ ಗೊತ್ತು ಮಾಡುವಾಗ ಕಿಲೋಮೀಟರ್ ಲೆಕ್ಕವೋ ದಿನದ ಲೆಕ್ಕವೋ, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಕಟ್ಟುತ್ತಾರೆ, ಚಾಲಕರ ಬತ್ತೆ ಸೇರಿದೆಯೋ ಇಲ್ಲವೋ, ಈ ಮೂರನ್ನೂ ಮೊದಲೇ ಬರೆಸಿಕೊಳ್ಳಿ. ಸಹೋದ್ಯೋಗಿಗಳ ಪ್ರವಾಸದಲ್ಲಿ ಮನಸ್ತಾಪ ಬರುವುದು ಹೆಚ್ಚಾಗಿ ದುಡ್ಡಿನಿಂದ. ಹೊರಡುವ ದಿನವೇ ತಲಾ ಇಷ್ಟು ಎಂದು ಒಬ್ಬರ ಕೈಗೆ ಕೊಟ್ಟು, ಬಸ್ಸು, ಊಟ, ದೋಣಿ, ಪಾರ್ಕಿಂಗ್ ಎಲ್ಲ ಆ ಗಂಟಿನಿಂದಲೇ ಹೋಗಲಿ. ಕಾಲು ಭಾಗ ನಗದಾಗಿರಲಿ, ಏಕೆಂದರೆ ಕಡಲ ಮೇಲೂ ಘಟ್ಟದ ಬುಡದಲ್ಲೂ ನೆಟ್‌ವರ್ಕ್ ಕೈಕೊಟ್ಟರೆ ಫೋನ್ ಪಾವತಿ ನಡೆಯುವುದಿಲ್ಲ.

ಸೇಂಟ್ ಮೇರಿಸ್ ದ್ವೀಪ

ಮಲ್ಪೆಯಿಂದ ಸುಮಾರು 6 ಕಿ.ಮೀ. ಕಡಲೊಳಗೆ ಇರುವ ಈ ದ್ವೀಪಕ್ಕೆ ಊರವರು ತೋನ್ಸೆ ಪಾರ್ ಎಂದೂ ಹೇಳುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಈ ದಾರಿಯಾಗಿ ಬಂದಾಗ ಮೇರಿಯ ಹೆಸರಿಟ್ಟನೆಂಬುದು ರೂಢಿಯ ಮಾತು. ಅಲ್ಲಿಗೆ ಹೋಗಬೇಕಾದದ್ದು ಮುಖ್ಯವಾಗಿ ಕಲ್ಲಿಗಾಗಿ. ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದ ಕಾಲ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ ಬಿರುಕು ಬಿಟ್ಟು ಕಂಬಗಳಾಗಿ ನಿಂತಿದೆ. ಕೆರೆಯ ಕೆಸರು ಒಣಗಿದಾಗ ಮೂಡುವ ಬಿರುಕಿನ ಹಾಗೆಯೇ, ಆದರೆ ಇಲ್ಲಿ ಬಿರುಕು ಆಳಕ್ಕೂ ಇಳಿದು ಐದು–ಆರು ಮುಖದ ಕಂಬಗಳಾಗಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಇದನ್ನು ತಿಳಿದು ಹೋದರೆ ಫೋಟೋಗೆಂದು ಕಂಬದ ತಲೆಯಿಂದ ತಲೆಗೆ ಹಾರುವ ಮನಸ್ಸು ತಾನಾಗಿ ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ದೋಣಿ ಪೂರ್ತಿ ನಿಲ್ಲುತ್ತದೆ. ಮತ್ತೆ ಶುರುವಾಗುವುದು ಸೆಪ್ಟೆಂಬರ್ ಮಧ್ಯದ ಬಳಿಕ; ಕಡಲು ಇಳಿಯದಿದ್ದರೆ ಅಕ್ಟೋಬರಿಗೆ ಜಾರುತ್ತದೆ. ಶುರುವಾದ ಮೇಲೂ ಗಾಳಿ ಎದ್ದ ದಿನ ನಿಲ್ಲಿಸುತ್ತಾರೆ. ಹಾಗಾಗಿ ‘ದೋಣಿ ಶುರುವಾಗಿದೆಯಂತೆ’ ಎಂಬ ಮಾತಿನ ಮೇಲೆ ಬೆಂಗಳೂರಿನಿಂದ ಹೊರಡಬೇಡಿ. ಮಲ್ಪೆಯಲ್ಲಿ ಅಂದು ಬೆಳಗ್ಗೆ ದೋಣಿ ಬಿಟ್ಟಿದ್ದಾರೆಯೇ ಎಂದು ಉಳಿದುಕೊಂಡ ಲಾಡ್ಜಿನವರ ಮೂಲಕ ವಿಚಾರಿಸಿ. ಪ್ರವಾಸದ ಮೊದಲ ದಿನಕ್ಕೆ ದ್ವೀಪ ಇಟ್ಟುಕೊಂಡರೆ ಒಂದು ಲಾಭವಿದೆ: ಅಂದು ದೋಣಿ ಬಿಡದಿದ್ದರೆ ಎರಡನೆಯ, ಮೂರನೆಯ ಬೆಳಗ್ಗೆ ಕೈಯಲ್ಲಿರುತ್ತದೆ. ಕೊನೆಯ ದಿನಕ್ಕೆ ಇಟ್ಟವರು ಬರಿಗೈಯಲ್ಲಿ ಹೋಗುತ್ತಾರೆ.

ದೋಣಿ ಬಂದರಿನಿಂದಲೂ ಹೊರಡುತ್ತದೆ, ಮಲ್ಪೆ ಬೀಚಿನಿಂದಲೂ ಹೊರಡುತ್ತದೆ. ಈ ಹಂಗಾಮಿನಲ್ಲಿ ನಮ್ಮ ಆಯ್ಕೆ ಬಂದರಿನ ದೊಡ್ಡ ದೋಣಿ. ಬಂದರಿನ ಒಳಗೆ ನೀರು ನಿಂತಂತಿರುತ್ತದೆ, ಹತ್ತುವುದು ಸುಲಭ. ಬೀಚಿನಲ್ಲಾದರೆ ಒಡೆಯುವ ತೆರೆಗಳ ನಡುವೆ ಸೊಂಟಮಟ್ಟ ಒದ್ದೆಯಾಗಿ ಹತ್ತಬೇಕಾಗಬಹುದು. ದೊಡ್ಡ ದೋಣಿಯ ತೊಂದರೆ ಒಂದೇ, ಜನ ತುಂಬದೆ ಹೊರಡುವುದಿಲ್ಲ. ರಜಾದಿನ ಬೇಗ ತುಂಬುತ್ತದೆ. ವಾರದ ನಡುವೆ ಕಾಯುವ ತಾಳ್ಮೆ ಬೇಕು. ಬೆಳಗ್ಗೆ ಮೊದಲ ದೋಣಿಯೇ ಗುರಿಯಾಗಿರಲಿ. ಬಿಸಿಲೇರಿದಂತೆ ಕಡಲಗಾಳಿ ಬಲವಾಗುತ್ತದೆ, 12ರ ಮೇಲೆ ಅದೇ ದಾರಿಯ ಕುಲುಕಾಟ ಬೇರೆ.

ವಾಂತಿಯಾಗುವವರು ಮಾತ್ರೆಯನ್ನು ಹತ್ತುವ ಅರ್ಧ–ಮುಕ್ಕಾಲು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ ಮಾತ್ರೆ ಕೆಲಸಕ್ಕೆ ಬಾರದು. ಎರಡು ಇಡ್ಲಿಯಷ್ಟು ತಿಂಡಿ ಸಾಕು. ಖಾಲಿ ಹೊಟ್ಟೆಯೂ ಬೇಡ, ಮಸಾಲೆ ದೋಸೆಯೂ ಬೇಡ. ದೋಣಿಯ ಮೂತಿ ಹೆಚ್ಚು ಎದ್ದು ಬೀಳುವುದರಿಂದ ನಡುವೆ ಅಥವಾ ಹಿಂದೆ ಕುಳಿತು, ಫೋನ್ ಬಿಟ್ಟು ದೂರದ ದಿಗಂತ ನೋಡಿ. ಜೀವರಕ್ಷಕ ಜಾಕೆಟ್ಟಿನ ಬಕಲುಗಳನ್ನೆಲ್ಲ ಹಾಕಿ. ಹೆಗಲಿಗೆ ನೇತುಹಾಕಿಕೊಂಡ ಜಾಕೆಟ್ ನೀರಿಗೆ ಬಿದ್ದ ಕ್ಷಣ ತಲೆಯ ಮೇಲಿಂದ ಕಳಚಿ ಹೋಗುತ್ತದೆ.

ದ್ವೀಪದ ಮೇಲೆ ಒಂದರಿಂದ ಒಂದೂವರೆ ಗಂಟೆ ಸಾಕು. ಉದ್ದ ಸುಮಾರು 500 ಮೀಟರ್, ಅಗಲ 100 ಮೀಟರ್ ಅಷ್ಟೇ. ತೆಂಗಿನ ಮರಗಳಿವೆ, ಆದರೂ ನೆರಳು ಕಡಿಮೆ, ಟೋಪಿ ಬೇಕು. ತಲಾ 1 ಲೀಟರ್ ನೀರು ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ. ಪ್ಲಾಸ್ಟಿಕ್ ಚೀಲ, ಪೊಟ್ಟಣಗಳನ್ನು ದಡದಲ್ಲೇ ಬಿಡಿ. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿ. ಹವಾಯಿ ಚಪ್ಪಲಿ ಎರಡು ಕಾರಣಕ್ಕೆ ಕೆಟ್ಟದ್ದು. ಮಳೆಗಾಲದ ಪಾಚಿ ಕಂಬಗಳ ಮೇಲೆ ಇನ್ನೂ ಒಣಗಿರುವುದಿಲ್ಲ, ಮತ್ತು ಬಿದ್ದರೆ ಕೈಯೂರುವ ಜಾಗದಲ್ಲಿ ಕಪ್ಪೆಚಿಪ್ಪು, ಸಿಂಪಿಯ ಅಂಚುಗಳು ಬ್ಲೇಡಿನಂತಿರುತ್ತವೆ. ಕಲ್ಲಿನ ಕಡೆ ಈಜಲು ಇಳಿಯಲೇಬಾರದು, ತೆರೆ ಎತ್ತಿ ಕಂಬಕ್ಕೆ ಬಡಿಯುತ್ತದೆ. ಟಿಕೆಟ್ ಚೀಟಿ ಎಸೆಯಬೇಡಿ, ಮರಳುವಾಗಲೂ ಬೇಕಾಗುತ್ತದೆ. ಚಿಪ್ಪುಗಳನ್ನು ಅಲ್ಲಿಯೇ ಬಿಟ್ಟು ಬನ್ನಿ.

ಭರತ–ಇಳಿತದ ಲೆಕ್ಕವನ್ನು ತಿಥಿಯಿಂದಲೇ ಹಿಡಿಯಬಹುದು. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮರುದಿನಗಳಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ಅಂದರೆ ನವರಾತ್ರಿಯ ಮೊದಲ ಮೂರು ದಿನಕ್ಕಿಂತ ದುರ್ಗಾಷ್ಟಮಿ, ಮಹಾನವಮಿಯ ಹೊತ್ತಿಗೆ ಅಳಿವೆಗಳಲ್ಲಿ ಸೆಳೆತ ಮಂದ.

ಅಳಿವೆ ಎಂದರೆ ನದಿ ಕಡಲು ಸೇರುವ ಬಾಯಿ. ಕೋಡಿಬೇಂಗ್ರೆ, ಹೆಜಮಾಡಿ, ತಣ್ಣೀರುಬಾವಿಯ ತುದಿ, ಉಳ್ಳಾಲ ಹೀಗೆ ನೋಡಲು ಬಹಳ ಚೆಂದದ ಜಾಗಗಳು. ನೋಡುವುದಕ್ಕೆ ಮಾತ್ರ. ಮಳೆ ನೀರು ಇನ್ನೂ ನದಿಯಲ್ಲಿ ತುಂಬಿರುವಾಗ ಇಳಿತವೂ ಸೇರಿದರೆ ನೀರು ಕಡಲಿಗೆ ಎಳೆಯುವ ವೇಗಕ್ಕೆ ಒಳ್ಳೆಯ ಈಜುಗಾರರೂ ನಿಲ್ಲಲಾರರು. ಬೇರೆ ಬೀಚುಗಳಲ್ಲೂ ತೆರೆಗಳ ನಡುವೆ ಒಂದು ಕಡೆ ನೀರು ಸಪಾಟಾಗಿ, ಬಣ್ಣ ಗಾಢವಾಗಿ, ನೊರೆಯಿಲ್ಲದೆ ಕಂಡರೆ ಅದು ಶಾಂತ ಜಾಗವೆಂದು ಇಳಿಯಬೇಡಿ. ದಡಕ್ಕೆ ಬಂದ ನೀರು ವಾಪಸ್ ಹೋಗುವ ಕಾಲುವೆ ಅದು. ಸಿಕ್ಕಿಬಿದ್ದರೆ ದಡದ ಕಡೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ತೆರೆ ಒಡೆಯುವ ಜಾಗಕ್ಕೆ ಬಂದ ಮೇಲೆ ದಡ ಹಿಡಿಯಬೇಕು. ನೀರಿಗಿಳಿಯಲೇಬೇಕು ಎನ್ನುವವರಿಗೆ, ಮಕ್ಕಳಿದ್ದವರಿಗೆ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿ ಬೀಚೇ ನಮ್ಮ ಸಲಹೆ. ಕಾವಲಿನವರು, ಬಟ್ಟೆ ಬದಲಿಸುವ ಕೋಣೆ ಇವೆ. ಅಲ್ಲಿಯೂ ಕೆಂಪು ಬಾವುಟ ಕಂಡರೆ ಇಳಿಯಬಾರದು.

ಕಾಪುವಿನಲ್ಲಿ 1901ರ ದೀಪಸ್ತಂಭ ಬಂಡೆಯ ಮೇಲಿದೆ. ಮೇಲೆ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಅಕ್ಟೋಬರ್ ಮೊದಲ ವಾರ ಸೂರ್ಯಾಸ್ತ 6:15–6:20ಕ್ಕೆ. ಪೂರ್ವದಲ್ಲಿ ಮೋಡವಿಲ್ಲದ ಸಂಜೆ ಸಿಕ್ಕರೆ ಅಲ್ಲಿ ಕಳೆಯಿರಿ.

ಉಡುಪಿ ಪೇಟೆ

ರಥಬೀದಿಯೊಳಗೆ ವಾಹನ ತರಬೇಡಿ, ರಾಜಾಂಗಣದ ಕಡೆಯ ಪಾರ್ಕಿಂಗಿನಲ್ಲಿ ಬಿಟ್ಟು ನಡೆಯಿರಿ. ರೂಢಿಯಂತೆ ಮೊದಲು ಚಂದ್ರಮೌಳೀಶ್ವರ, ಅನಂತೇಶ್ವರ, ಆಮೇಲೆ ಕೃಷ್ಣ. ದೇವರನ್ನು ಕಾಣುವುದು ಒಂಬತ್ತು ರಂಧ್ರದ ನವಗ್ರಹ ಕಿಂಡಿಯ ಮೂಲಕ. ಹೊರಗಿನ ಪಶ್ಚಿಮದ ಕಿಂಡಿ ಕನಕನದು. ಗಂಡಸರು ಅಂಗಿ, ಬನಿಯನ್ ತೆಗೆಯಬೇಕು, ಮೈಮೇಲೆ ಹೊದೆಯಲು ಒಂದು ಶಲ್ಯ ಇರಲಿ. ಬೆಳಗ್ಗೆ 6ರಿಂದ 8ರೊಳಗೆ ಹೋದರೆ ಸಾಲು ಚಿಕ್ಕದು. ಮಧ್ಯಾಹ್ನದ ಊಟ ಭೋಜನಶಾಲೆಯಲ್ಲಿ. ಸುಮಾರು 11:30ರಿಂದ ಶುರು.

ದಸರಾ ಮುಗಿಸಿ ಮರುದಿನ ಉಡುಪಿಗೆ ಬರುವವರು ಒಂದನ್ನು ಮರೆಯುತ್ತಾರೆ. ವಿಜಯದಶಮಿಯ ಮರುದಿನ ಏಕಾದಶಿ, ಅಂದು ಮಠದಲ್ಲಿ ಅನ್ನದೂಟ ಇರುವುದಿಲ್ಲ. ಮಠದ ಊಟ ಬೇಕಿದ್ದರೆ ದಶಮಿಗೆ ಮೊದಲು ಅಥವಾ ದ್ವಾದಶಿಗೆ ಬನ್ನಿ.

ಕೃಷ್ಣ ಜಯಂತಿ ಮತ್ತು ಅದರ ಮರುದಿನದ ಮೊಸರುಕುಡಿಕೆ ಉತ್ಸವ ವಿಟ್ಲಪಿಂಡಿಗಾಗಿ ಬರುವವರಿಗೂ ಒಂದು ಎಚ್ಚರಿಕೆ. ಉಡುಪಿಯಲ್ಲಿ ಅದು ಸೌರಮಾನದ ಲೆಕ್ಕದಲ್ಲಿ ನಡೆಯುವುದರಿಂದ ಹಲವು ವರ್ಷ ಉಳಿದ ಕಡೆಯ ಜನ್ಮಾಷ್ಟಮಿಗಿಂತ ಬೇರೆ ದಿನ, ಕೆಲವೊಮ್ಮೆ ತಿಂಗಳ ಅಂತರದಲ್ಲಿ, ಸೆಪ್ಟೆಂಬರಿನಲ್ಲಿ ಬರುತ್ತದೆ. ರಜೆ ಹಾಕುವ ಮೊದಲು ಮಠದ ಪಂಚಾಂಗ ನೋಡಿ.

ಬಸದಿಗಳ ಸುತ್ತು: ಒಂದು ಪೂರ್ತಿ ದಿನ

ಈ ಹಂಗಾಮಿನಲ್ಲಿ ನಮ್ಮೆಲ್ಲರ ಮೊದಲ ಶಿಫಾರಸು ಇದೇ. ದೋಣಿಯ ಹಂಗಿಲ್ಲ, ಜನ ಕಡಿಮೆ, ದಾರಿಯುದ್ದಕ್ಕೂ ತೆನೆ ಬಾಗಿದ ಗದ್ದೆ. ಮಂಗಳೂರು–ಮೂಡುಬಿದಿರೆ 35 ಕಿ.ಮೀ., ಅಲ್ಲಿಂದ ಕಾರ್ಕಳ 18, ಕಾರ್ಕಳದಿಂದ ಹೆಬ್ರಿ ದಾರಿಯಲ್ಲಿ ವರಂಗ ಸುಮಾರು 25, ಬಳಿಕ ಹೆಬ್ರಿ ಮೇಲೆ ಉಡುಪಿ. ಉಡುಪಿಯಿಂದ ಮಂಗಳೂರಿಗೆ ವಾಪಸಾಗುವುದೂ ಸೇರಿ 180 ಕಿ.ಮೀ. ಆಗುತ್ತದೆ.

ದಾರಿಯಲ್ಲಿ ಮೊದಲು ಸಿಗುವುದು ಮೂಡುಬಿದಿರೆ. ಆದರೂ ಅದನ್ನು ದಾಟಿ ನೇರ ಕಾರ್ಕಳಕ್ಕೆ ಹೋಗಿ, 8 ಗಂಟೆಯ ಹೊತ್ತಿಗೆ ಗೊಮ್ಮಟ ಬೆಟ್ಟದ ಬುಡದಲ್ಲಿರಿ. ಕಾರಣ ಕಾಲಡಿಯ ಬಂಡೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಸುಮಾರು 42 ಅಡಿಯ ಬಾಹುಬಲಿ ಬೋಳು ಬಂಡೆಯ ನೆತ್ತಿಯಲ್ಲಿದ್ದಾನೆ. ಚಪ್ಪಲಿ ಬಿಟ್ಟೇ ಹೋಗಬೇಕು. 10:30ರ ಮೇಲೆ ಬಂಡೆ ಕಾದು ಅಂಗಾಲು ಸುಡುತ್ತದೆ, ಮಧ್ಯಾಹ್ನದ ಬಳಿಕ ಸಿಡಿಲಿನ ಭಯ. ಸುತ್ತಲಿನ ಎಲ್ಲಕ್ಕಿಂತ ಎತ್ತರದ ಬೋಳು ಬಂಡೆಯ ಮೇಲೆ ಗುಡುಗಿನ ಹೊತ್ತಿಗೆ ಇರಬಾರದು. ಬೆಳಗ್ಗೆಯೇ ಹತ್ತಿದರೆ ಪೂರ್ವಕ್ಕೆ ಘಟ್ಟದ ಸಾಲು ನೀಲಿಯಾಗಿ ಕಾಣುತ್ತದೆ. ಒದ್ದೆ ಇರುವ ದಿನ ಮೆಟ್ಟಿಲಿನ ನಡುಭಾಗ ಸವೆದು ಜಾರುತ್ತದೆ, ಕಂಬಿ ಇರುವ ಕಡೆಯಿಂದ ಇಳಿಯಿರಿ.

ಬೆಟ್ಟದ ಎದುರಿನ ದಿಬ್ಬದಲ್ಲೇ 1586ರ ಚತುರ್ಮುಖ ಬಸದಿ. ನಾಲ್ಕೂ ದಿಕ್ಕಿಗೆ ಒಂದೇ ಥರದ ಬಾಗಿಲು. ಯಾವ ಬಾಗಿಲಿನಿಂದ ಒಳಹೊಕ್ಕರೂ ಎದುರಿಗೆ ಮೂರು ತೀರ್ಥಂಕರರು. ಇದನ್ನು ಬಿಟ್ಟು ಬರುವವರೇ ಹೆಚ್ಚು. ನಮ್ಮ ಮಟ್ಟಿಗೆ ಕಾರ್ಕಳದಲ್ಲಿ ಕೂತು ಅರ್ಧ ಗಂಟೆ ಕಳೆಯಬೇಕಾದ ಜಾಗ ಇದು.

ವರಂಗದ ಕೆರೆ ಬಸದಿ ಕೆರೆಯ ನಟ್ಟನಡುವೆ ಇದೆ, ಸಣ್ಣ ದೋಣಿಯಲ್ಲೇ ಹೋಗಬೇಕು. ಬೇಸಿಗೆಯಲ್ಲಿ ನೋಡಿದವರು ಇನ್ನೊಮ್ಮೆ ಈಗ ಬರಬೇಕು: ಕೆರೆ ದಡದ ಹುಲ್ಲಿಗೆ ತಾಗುವಷ್ಟು ತುಂಬಿ, ಹಿಂದೆ ಹಸಿರು ಗುಡ್ಡ ನಿಂತಿರುತ್ತದೆ. ದೋಣಿಯಲ್ಲಿ ಹೇಳಿದಷ್ಟೇ ಜನ ಕುಳಿತುಕೊಳ್ಳಿ, ಎದ್ದು ನಿಂತು ಫೋಟೋ ತೆಗೆಯಬೇಡಿ. ಇಡೀ ಗುಂಪು ಒಂದೇ ಸಲ ಹೋಗುವುದು ಸಾಧ್ಯವಾಗದು, ಹತ್ತು ಜನರಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಸುತ್ತ ದೊಡ್ಡ ಹೋಟೆಲಿಲ್ಲ. ಊಟವನ್ನು ಕಾರ್ಕಳದಲ್ಲಿ ಮುಗಿಸಿ, ಇಲ್ಲವೇ ಹೆಬ್ರಿಗೆ ಹೋಗಿ ಮಾಡಿ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಮಧ್ಯಾಹ್ನ 3ರ ಮೇಲಿನ ಹೊತ್ತು ಬಹಳ ಚೆನ್ನ. 1430ರಲ್ಲಿ ಕಟ್ಟಲು ತೊಡಗಿದ ಈ ತ್ರಿಭುವನ ತಿಲಕ ಚೂಡಾಮಣಿಯ ಇಳಿಜಾರು ಮಾಡು (ಸೂರು) ಮಳೆಗೆಂದೇ ಕಟ್ಟಿದ್ದು. ಹೊರಗೆ ಸುರಿಯುವಾಗ ಒಳಗೆ ಕಂಬದಿಂದ ಕಂಬಕ್ಕೆ ಹೋಗಿ ಕೆತ್ತನೆ ನೋಡಬಹುದು. ಒಂದರ ಹಾಗೆ ಇನ್ನೊಂದಿಲ್ಲ. ಉಡುಪಿಗೆ ಹೋಗದೆ ಮಂಗಳೂರಿಗೇ ಮರಳುವವರು ಕಾರ್ಕಳ, ವರಂಗ ಮುಗಿಸಿ ಬರುವಾಗ ಇಲ್ಲಿ ನಿಲ್ಲಿ, ಆಗ ಹೊತ್ತು ಸರಿಹೊಂದುತ್ತದೆ. ಉಡುಪಿಯಲ್ಲೇ ಉಳಿಯುವವರು ಮೂಡುಬಿದಿರೆಯನ್ನು ಬೇರೆ ದಿನಕ್ಕೆ ಬಿಡಿ. ಎಲ್ಲವನ್ನೂ ತುರುಕಿದರೆ ಯಾವುದನ್ನೂ ನೋಡಿದ ಹಾಗಾಗುವುದಿಲ್ಲ.

ಹೆಬ್ರಿಯಿಂದ ಮುಂದೆ ಆಗುಂಬೆ ಎಂದು ಆಸೆಪಡುವವರಿಗೆ: 14 ಹೇರ್‌ಪಿನ್ ತಿರುವುಗಳ ಘಟ್ಟ, ಸಂಜೆ ಮಂಜಿನಲ್ಲಿ ಸೂರ್ಯಾಸ್ತ ಕಾಣುವ ಸಾಧ್ಯತೆ ಈಗ ಕಡಿಮೆ. ಕಾಡಿಗೆ ಕಾಲಿಟ್ಟರೆ ಉಂಬಳ ಗ್ಯಾರಂಟಿ. ಹತ್ತಿಕೊಂಡದ್ದನ್ನು ಕಿತ್ತು ಎಳೆಯದೆ ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ತಾನೇ ಬಿಡುತ್ತದೆ.

ಮಂಗಳೂರು ದಸರಾ

ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರವನ್ನು 1912ರಲ್ಲಿ ಪ್ರತಿಷ್ಠೆ ಮಾಡಿದವರು ನಾರಾಯಣ ಗುರುಗಳು. ನವರಾತ್ರಿಯಲ್ಲಿ ಶಾರದೆ, ಗಣಪತಿ, ನವದುರ್ಗೆಯರ ಮೂರ್ತಿಗಳನ್ನು ಅಲ್ಲಿ ಇಟ್ಟು ಪೂಜಿಸುತ್ತಾರೆ. ಮೂರ್ತಿಗಳನ್ನು ನಿಧಾನವಾಗಿ ನೋಡಬೇಕೆಂದರೆ ಮೊದಲ ನಾಲ್ಕು ದಿನಗಳಲ್ಲಿ ಬೆಳಗ್ಗೆ ಹೋಗಿ. ಸಪ್ತಮಿಯ ಬಳಿಕ ಸಂಜೆ ಹೊತ್ತು ತಳ್ಳಾಟ. ವಿಜಯದಶಮಿಯ ಸಂಜೆ ಮೆರವಣಿಗೆ ಹೊರಟು ಮಣ್ಣಗುಡ್ಡೆ, ಲೇಡಿಹಿಲ್, ಲಾಲ್‌ಬಾಗ್, ಬಲ್ಲಾಳ್‌ಬಾಗ್, ಪಿವಿಎಸ್, ಕೆ.ಎಸ್. ರಾವ್ ರಸ್ತೆ, ಹಂಪನಕಟ್ಟೆ, ರಥಬೀದಿ ಸುತ್ತಿ ಬೆಳಗಿನ ಜಾವಕ್ಕೆ ಕುದ್ರೋಳಿಗೆ ಮರಳುತ್ತದೆ. ದೇವಸ್ಥಾನದ ಪುಷ್ಕರಿಣಿಯಲ್ಲಿ ವಿಸರ್ಜನೆ.

ಎಲ್ಲಿ ನಿಲ್ಲಬೇಕು ಎಂಬುದೇ ಮುಖ್ಯ. ಹೊರಡುವ ಜಾಗದಲ್ಲಿ ನಿಂತರೆ ಸ್ತಬ್ಧಚಿತ್ರಗಳು ಹೊರಡುವ ಮೊದಲೇ ಕಾಲು ಸೋಲುತ್ತದೆ. ಕೆ.ಎಸ್. ರಾವ್ ರಸ್ತೆ ಇಕ್ಕಟ್ಟು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅಗಲವಾದ ಲಾಲ್‌ಬಾಗ್–ಬಲ್ಲಾಳ್‌ಬಾಗ್ ನಡುವಿನ ರಸ್ತೆಯೇ ಸರಿ, ಬೇಡವೆನಿಸಿದಾಗ ಬಿಜೈ ಕಡೆ ಹೊರಬೀಳಬಹುದು. ಮಧ್ಯಾಹ್ನದ ನಂತರವೇ ವಾಹನಗಳ ದಾರಿ ಬದಲಾಗುತ್ತದೆ. ಸೆಂಟ್ರಲ್ ನಿಲ್ದಾಣದಿಂದ ಅಂದು ರಾತ್ರಿ ರೈಲಿದ್ದವರು 5 ಗಂಟೆಯೊಳಗೆ ಸಾಮಾನಿನೊಂದಿಗೆ ಹಂಪನಕಟ್ಟೆಯ ಆಚೆ ಇರಬೇಕು. ಜಂಕ್ಷನ್‌ನಿಂದ ರೈಲಿದ್ದರೆ ಮೆರವಣಿಗೆಯ ದಾರಿ ಅಡ್ಡ ಬರುವುದಿಲ್ಲ, ಅಂಥ ರೈಲನ್ನೇ ಹುಡುಕಿ. ಗುಂಪಿನಲ್ಲಿ ಫೋನ್ ಹಿಡಿಯುವುದಿಲ್ಲ. ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಮೊದಲೇ ಮಾತಾಡಿಕೊಳ್ಳಿ, ಗುರುತಿನ ಅಂಗಡಿಯ ಹೆಸರು ಹೇಳಿ.

ಹುಲಿವೇಷ ನೋಡಲು ಮೆರವಣಿಗೆಗೇ ಕಾಯಬೇಕಿಲ್ಲ. ನವರಾತ್ರಿಯ ದಿನಗಳಲ್ಲಿ ತಂಡಗಳು ತಾಸೆ, ಡೋಲಿನೊಂದಿಗೆ ಮನೆ, ಅಂಗಡಿ ಮುಂದೆ ಕುಣಿಯುತ್ತ ಬರುತ್ತವೆ. ಪಟ್ಟೆ ಹುಲಿ, ಚಿಟ್ಟೆ (ಚುಕ್ಕೆಯ) ಹುಲಿ, ಕಪ್ಪು ಹುಲಿ ಎಂದು ಬಣ್ಣ ಬೇರೆ ಬೇರೆ. ಬಣ್ಣ ಹಾಕಿಸಿಕೊಳ್ಳಲು ಗಂಟೆಗಟ್ಟಲೆ ನಿಂತಿರುತ್ತಾರೆ, ಹಾಕಿದ ಮೇಲೆ ಮೈ ಉರಿಯುತ್ತದೆ, ಒರಗಿ ಕೂರುವಂತಿಲ್ಲ. ಹಾಗಾಗಿ ಸೆಲ್ಫಿಗೆಂದು ಹೆಗಲಿಗೆ ಕೈಹಾಕಬೇಡಿ. ಅಕ್ಕಿಮುಡಿಯನ್ನು (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವಾಗ ಸುತ್ತ ಜಾಗ ಬಿಡಿ. ಇಷ್ಟವಾದರೆ ನೋಟು ಕೊಡಿ, ಅದು ಆ ತಂಡದ ಹರಕೆಯ ದುಡ್ಡು.

ಮಳೆ ಬಂದ ಮಧ್ಯಾಹ್ನಕ್ಕೆ ಪೇಟೆಯಲ್ಲಿ ಎರಡು ಜಾಗ ಹೇಳುತ್ತೇವೆ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಅಂತೋನಿಯೊ ಮೊಸ್ಕೆನಿ 1899ರಿಂದ ಎರಡು ವರ್ಷ ಕೂತು ಗೋಡೆ, ಮಾಡು ತುಂಬ ಬಿಡಿಸಿದ ಚಿತ್ರಗಳಿವೆ. ಒಳಗೆ ಫೋಟೋ ಬೇಡ, ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಹೋಗಿ. ಇನ್ನೊಂದು ಕದ್ರಿ ಮಂಜುನಾಥ ದೇವಸ್ಥಾನ, ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ.

ಈಗ ಸಿಗುವುದು, ಸಿಗದಿರುವುದು

ಯಂತ್ರದೋಣಿಗಳ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಆದ್ದರಿಂದ ಈಗ ಬಂಗುಡೆ, ಬೂತಾಯಿ ತಾಜಾ ಸಿಗುತ್ತವೆ, ಅಂಜಲ್‌ಗಿಂತ ಅಗ್ಗವೂ ರುಚಿಯೂ. ಮಳೆಗಾಲದ ಕೊನೆಯ ಕೆಸುವಿನೆಲೆಯ ಪತ್ರೊಡೆ ಸಿಕ್ಕರೆ ಬಿಡಬೇಡಿ. ಮಟ್ಟುಗುಳ್ಳ ಬದನೆಗೆ ಮಾತ್ರ ಕಾಯಬೇಕು, ಮಳೆ ಬಿಟ್ಟ ಮೇಲೆ ಅದರ ಸಸಿ ನೆಡುವುದು. ಸೆಪ್ಟೆಂಬರ್ 8ಕ್ಕೆ ಕೆಥೊಲಿಕರ ಮೊಂತಿ ಹಬ್ಬ (ಮೇರಿಯ ಜನ್ಮದಿನದ ಹೊಸ ತೆನೆಯ ಹಬ್ಬ), ನವರಾತ್ರಿಯ ಹೊತ್ತಿಗೆ ತುಳುವರ ಮನೆಗಳಲ್ಲಿ ತೆನೆ ತುಂಬಿಸಿ ಹೊಸಕ್ಕಿ ಊಟ. ಪರಿಚಿತ ಸಹೋದ್ಯೋಗಿ ಕರೆದರೆ ಹೋಟೆಲ್ ಬಿಟ್ಟು ಆ ಊಟಕ್ಕೇ ಹೋಗಿ.

ಕಂಬಳ, ಭೂತಕೋಲ, ಯಕ್ಷಗಾನ ಮೇಳಗಳ ಬಯಲಾಟ ಇವುಗಳ ಆಸೆಯಿಂದ ಬಂದವರಿಗೆ ನಿರಾಸೆ ಖಂಡಿತ. ಮೇಳಗಳು ತಿರುಗಾಟಕ್ಕೆ ಹೊರಡುವುದು, ಕಂಬಳದ ಕರೆ (ಕೋಣಗಳು ಓಡುವ ಕೆಸರಿನ ಓಟದ ದಾರಿ) ಸಿದ್ಧವಾಗುವುದು ಎಲ್ಲ ನವೆಂಬರ್ ಹೊತ್ತಿಗೆ. ಈಗ ಸಭಾಂಗಣದ ಆಟ, ತಾಳಮದ್ದಳೆ ನಡೆಯುತ್ತಿರುತ್ತದೆ. ಸ್ಥಳೀಯ ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ಅಂಕಣ ನೋಡಿ.

ಚೀಲದಲ್ಲಿ ಇವಿಷ್ಟು ಸಾಕು: ಬೇಗ ಒಣಗುವ ಬಟ್ಟೆ ದಿನಕ್ಕೊಂದರಂತೆ (ತೇವಕ್ಕೆ ಜೀನ್ಸ್ ಎರಡು ದಿನವಾದರೂ ಒಣಗುವುದಿಲ್ಲ), ಮಡಚುವ ಕೊಡೆ, ಬೈರಾಸು, ಫೋನಿಗೆ ಮುಚ್ಚುವ ಪ್ಲಾಸ್ಟಿಕ್ ಲಕೋಟೆ, ಓಆರ್‌ಎಸ್ ಪೊಟ್ಟಣ, ಸೊಳ್ಳೆಯ ಮುಲಾಮು. ಮಳೆ ಬಿಟ್ಟು ನೀರು ನಿಂತ ಈ ಹೊತ್ತಿನಲ್ಲಿ ಸೊಳ್ಳೆ ಜಾಸ್ತಿ. ಊರಿಗೆ ಮರಳಿದ ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಮಂಗಳೂರು ಕಡೆ ಹೋಗಿದ್ದನ್ನು ತಪ್ಪದೆ ಹೇಳಿ, ಮಲೇರಿಯಾ, ಡೆಂಗಿ ಎರಡರ ಪರೀಕ್ಷೆಯೂ ಬೇಕಾಗಬಹುದು.

ರಸ್ತೆಯಲ್ಲಿ ಹಿಂದಿರುಗುವವರು ಹಿಂದಿನ ರಾತ್ರಿಯೇ ಘಟ್ಟದ ಸ್ಥಿತಿ ವಿಚಾರಿಸಿ. ನೆಲ ನೀರು ಕುಡಿದು ತೂಗುತ್ತಿರುವಾಗ ಒಂದು ಜೋರು ಸಂಜೆಮಳೆಗೆ ಶಿರಾಡಿಯಲ್ಲಿ ಮಣ್ಣು ಕುಸಿಯಬಹುದು. ಆಗ ಚಾರ್ಮಾಡಿ ಅಥವಾ ಸಂಪಾಜೆ ದಾರಿ, ಎರಡಕ್ಕೂ ಒಂದರಿಂದ ಎರಡು ಗಂಟೆ ಹೆಚ್ಚು ಹಿಡಿಯಿರಿ. ದೊಡ್ಡ ವಾಹನವಾದರೆ ಆ ದಾರಿಯಲ್ಲಿ ಬಿಡುತ್ತಾರೆಯೇ ಎಂದೂ ಕೇಳಿಕೊಳ್ಳಿ. ಬೆಳಗ್ಗೆ 7ಕ್ಕೆ ಮಂಗಳೂರು ಬಿಟ್ಟರೆ ಮೋಡ ಕಟ್ಟುವ ಹೊತ್ತಿಗೆ ಸಕಲೇಶಪುರ ದಾಟಿರುತ್ತೀರಿ.